ಹಿಮದ ನಡುವೆ ಮಣ್ಣಿನ ಒಲೆ

ಕೆನಡದಲ್ಲೋ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲೋ ನೆಲೆಸಿರುವ ಮಕ್ಕಳ ಮನೆಗೆ ಜನವರಿಯಲ್ಲಿ ಹೋಗಿ ಬಂದ ನಮ್ಮ ಹಿರಿಯರು ಒಂದು ವಿಚಿತ್ರ ದೃಶ್ಯವನ್ನು ಕಂಡಿರಬಹುದು. ಹಿತ್ತಲಿನಲ್ಲಿ ಮೊಣಕಾಲುದ್ದ ಹಿಮ. ಉಷ್ಣಮಾಪಕದ ಪಾದರಸ ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಆ ಬಿಳುಪಿನ ನಡುವೆ ದೊಡ್ಡದೊಂದು ಮೊಟ್ಟೆಯ ಆಕಾರದ ಮಣ್ಣಿನ ಗಡಿಗೆ ನಿಂತಿದೆ. ಅದರ ನೆತ್ತಿಯ ಕಿಂಡಿಯಿಂದ ತೆಳುವಾದ ಹೊಗೆಯ ಎಳೆ ಏಳುತ್ತಿದೆ. ಪಕ್ಕದ ಮನೆಯ ಮನುಷ್ಯ ಕಂಬಳಿಯಂಥ ಕೋಟು ಹೊದ್ದು ಬಂದು, ಮುಚ್ಚಳವನ್ನು ಅರೆಗಳಿಗೆ ಎತ್ತಿ ನೋಡಿ, ಮತ್ತೆ ಮುಚ್ಚಿ ಒಳಗೆ ಓಡುತ್ತಾನೆ. ಗಡಿಗೆಯ ಹೊರಗೆ ನೀರು ಕಲ್ಲಾಗುವ ಚಳಿ, ಒಳಗೆ ಇದ್ದಿಲಿನ ಕೆಂಡ. ಎರಡರ ನಡುವೆ ಇರುವುದು ಹೆಚ್ಚೆಂದರೆ ಎರಡು ಬೆರಳು ದಪ್ಪದ ಸುಟ್ಟ ಮಣ್ಣು.

ಈ ಒಲೆಗೆ ಅಮೆರಿಕದಲ್ಲಿ ‘ಕಮಾಡೊ’ ಎಂದು ಹೆಸರು. ಹೆಸರೇ ಹೇಳುವಂತೆ ಅದು ಅಲ್ಲಿಯದಲ್ಲ, ಜಪಾನಿನದು. ಜಪಾನೀ ಭಾಷೆಯಲ್ಲಿ ಕಮಾಡೊ ಎಂದರೆ ಬೇರೇನೂ ಅಲ್ಲ, ಒಲೆ. ಅದೂ ಜಪಾನಿನಲ್ಲೇ ಹುಟ್ಟಿದ್ದಲ್ಲ. ಕ್ರಿ.ಶ. ಐದನೆಯ ಶತಮಾನದ ಸುಮಾರಿಗೆ ಕೊರಿಯಾದ ಕಡೆಯಿಂದ ಬಂದ ಜನ ಅದನ್ನು ತಂದರು. ಅಲ್ಲಿಯವರೆಗೆ ಜಪಾನಿನವರು ಮನೆಯ ನಡುವಿನ ಗುಂಡಿಯಲ್ಲಿ ಬಯಲು ಬೆಂಕಿ ಹಾಕಿಕೊಂಡು ಬೇಯಿಸುತ್ತಿದ್ದರು. ಕಮಾಡೊ ಬಂದ ಮೇಲೆ ಬೆಂಕಿಗೆ ಮೂರು ಕಡೆ ಮಣ್ಣಿನ ಗೋಡೆಯಾಯಿತು, ಮೇಲೆ ಪಾತ್ರೆ ಕೂರಲು ತೂತಾಯಿತು, ಹೊಗೆ ಹೋಗಲು ದಾರಿಯಾಯಿತು. ನಮ್ಮ ಹಳ್ಳಿಗಳ ಕೋಡೊಲೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಲೆಗೂ ರಾಜ್ಯಭಾರಕ್ಕೂ ಸಂಬಂಧ ಕಟ್ಟಿದ ಒಂದು ಕಥೆಯನ್ನು ಜಪಾನಿನ ಮಕ್ಕಳು ಹಿಂದೆ ಶಾಲೆಯಲ್ಲಿ ಓದುತ್ತಿದ್ದರು. 720ರಲ್ಲಿ ಸಂಕಲನಗೊಂಡ ‘ನಿಹೊನ್ ಶೊಕಿ’ ಎಂಬ ಪ್ರಾಚೀನ ಇತಿಹಾಸ ಗ್ರಂಥದಲ್ಲಿ ಅದು ಬರುತ್ತದೆ. ನಿಂತೊಕು ಎಂಬ ಚಕ್ರವರ್ತಿ ಎತ್ತರದ ಜಾಗದಲ್ಲಿ ನಿಂತು ರಾಜ್ಯವನ್ನು ನೋಡಿದನಂತೆ. ಯಾವ ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಒಲೆ ಹಚ್ಚಲು ಅಕ್ಕಿಯೇ ಇಲ್ಲದ ಬಡತನ ಎಂದು ತಿಳಿದು, ಮೂರು ವರ್ಷ ಕಂದಾಯ ಮನ್ನಾ ಮಾಡಿದ. ಅರಮನೆಯ ಸೂರು ಸೋರಿದರೂ ದುರಸ್ತಿ ಮಾಡಿಸಲಿಲ್ಲ. ಮೂರು ವರ್ಷದ ಮೇಲೆ ಮತ್ತೆ ಏರಿ ನೋಡಿದಾಗ ಊರ ತುಂಬ ಒಲೆಯ ಹೊಗೆ. ಕಥೆ ನಿಜವೋ ಚಕ್ರವರ್ತಿಯ ಹೊಗಳಿಕೆಯೋ ಹೇಳುವುದು ಕಷ್ಟ. ಆತನ ಕಾಲವೂ ಪುರಾಣ ಮತ್ತು ಇತಿಹಾಸಗಳ ನಡುವಿನದು. ಆದರೆ ರಾಜ್ಯದ ಸುಖದುಃಖಗಳನ್ನು ಒಲೆಯ ಹೊಗೆಯಲ್ಲಿ ಅಳೆಯುವ ಬುದ್ಧಿ ಅಕ್ಕಿ ಉಣ್ಣುವ ಜನರದ್ದೇ ಎಂಬುದರಲ್ಲಿ ಸಂದೇಹವಿಲ್ಲ.

ಭಾಷೆಯಲ್ಲೂ ಈ ಒಲೆ ಬೇರುಬಿಟ್ಟಿದೆ. ಮನೆಯ ಒಬ್ಬ ಮಗ ಪಾಲು ತೆಗೆದುಕೊಂಡು ಬೇರೆ ಸಂಸಾರ ಹೂಡಿದರೆ ಜಪಾನೀಯರು ‘ಕಮಾಡೊ ಹಂಚಿಕೊಂಡ’ ಎನ್ನುತ್ತಾರೆ. ನಮ್ಮಲ್ಲಿಯೂ ಅಣ್ಣತಮ್ಮಂದಿರು ಬೇರೆಯಾದಾಗ ‘ಒಲೆ ಬೇರೆಯಾಯಿತು’ ಎನ್ನುವುದಿಲ್ಲವೇ? ಯಾರೂ ಯಾರಿಂದಲೂ ಕಲಿತ ಮಾತಲ್ಲ ಅದು.

ಮನೆಯ ನೆಲಕ್ಕೆ ಅಂಟಿಕೊಂಡಿದ್ದ ಈ ಕಮಾಡೊ ಹಿಮದ ಹಿತ್ತಲಿಗೆ ಬಂದು ನಿಂತದ್ದು ಹೇಗೆ? ಇದಕ್ಕೆ ನಡುವೆ ಒಂದು ಕೊಂಡಿ ಇದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಜಪಾನಿನ ಕುಂಬಾರರು ‘ಮುಶಿಕಮಾಡೊ’ ಎಂಬ ದುಂಡನೆಯ ಒಲೆಯನ್ನು ಮಾಡಿ ಮಾರುತ್ತಿದ್ದರು. ‘ಮುಶಿ’ ಎಂದರೆ ಹಬೆಯಲ್ಲಿ ಬೇಯಿಸುವುದು. ಕೆಳಗೆ ಗಾಳಿಗೆ ಒಂದು ಬಾಗಿಲು, ನಡುವೆ ಇದ್ದಿಲು, ಅದರ ಮೇಲೆ ಅನ್ನದ ಪಾತ್ರೆ, ಎಲ್ಲವನ್ನೂ ಮುಚ್ಚುವಂತೆ ಗುಮ್ಮಟದಂಥ ಮಣ್ಣಿನ ಮುಚ್ಚಳ, ಮುಚ್ಚಳದ ನೆತ್ತಿಯಲ್ಲಿ ಕಿಂಡಿ. ಅಕ್ಕಿ ಕುದಿ ಬಂದ ಮೇಲೆ ಮೇಲಿನ ಕಿಂಡಿ ಮತ್ತು ಕೆಳಗಿನ ಬಾಗಿಲು ಎರಡನ್ನೂ ಮುಚ್ಚಿಬಿಟ್ಟರೆ ಕೆಂಡ ತಾನಾಗಿ ನಂದುತ್ತದೆ. ಗೋಡೆಯಲ್ಲಿ ಉಳಿದ ಕಾವಿನಲ್ಲೇ ಅನ್ನ ಉಮ್ಮಳಿಸಿ ಅರಳುತ್ತದೆ. ಗೃಹಿಣಿ ಒಲೆಯ ಮುಂದೆ ಕೂರಬೇಕಾಗಿಲ್ಲ. ಏನೇ ಆದರೂ ಅನ್ನದ ಮುಚ್ಚಳ ತೆಗೆಯಬಾರದು ಎಂಬ ಗಾದೆ ಜಪಾನಿನಲ್ಲಿದೆ. ಆ ಗಾದೆಯನ್ನೇ ಕುಂಬಾರ ಮಣ್ಣಿನಲ್ಲಿ ಮೆತ್ತಿದಂತಿತ್ತು ಈ ಒಲೆ.

ಇಲ್ಲಿ ಹೆಸರುಗಳ ಒಂದು ಗೊಂದಲವನ್ನು ಬಿಡಿಸಬೇಕು. ಅಮೆರಿಕನ್ನರು ಸಣ್ಣ ಇದ್ದಿಲು ಒಲೆಗೆ ‘ಹಿಬಾಚಿ’ ಎನ್ನುತ್ತಾರೆ. ಜಪಾನಿನಲ್ಲಿ ಹಿಬಾಚಿ ಅಡುಗೆಯ ಒಲೆಯೇ ಅಲ್ಲ. ಅದು ಬೂದಿ ತುಂಬಿದ ಪಿಂಗಾಣಿಯ ಅಥವಾ ಮರದ ಬೋಗುಣಿ. ಬೂದಿಯ ಮೇಲೆ ನಾಲ್ಕು ಕೆಂಡ ಇಟ್ಟುಕೊಂಡು ಕೈ ಕಾಯಿಸಿಕೊಳ್ಳುವ ಸಾಧನ. ನಮ್ಮ ಅಗ್ಗಿಷ್ಟಿಕೆಗೆ ಹತ್ತಿರದ ನೆಂಟ. ಹೆಚ್ಚೆಂದರೆ ಅದರ ಮೇಲೆ ಚಹಾದ ನೀರು ಕಾದೀತು, ಅಕ್ಕಿಯ ಕಡುಬು ಬಿಸಿಯಾದೀತು. ಸಾವಿರ ವರ್ಷದ ಹಿಂದೆಯೇ ಸೇ ಶೊನಾಗೊನ್ ಎಂಬ ಅರಮನೆಯ ವಿದುಷಿ ತನ್ನ ಟಿಪ್ಪಣಿಗಳಲ್ಲಿ, ಚಳಿಗಾಲದ ಮುಂಜಾನೆ ಸೇವಕರು ಕೆಂಡ ಹೊತ್ತು ಓಡಾಡುವ ಸೊಗಸನ್ನೂ ಮಧ್ಯಾಹ್ನದ ಹೊತ್ತಿಗೆ ಅದು ಬರೀ ಬೂದಿಯಾಗುವ ಬೇಸರವನ್ನೂ ಬರೆದಿಟ್ಟಿದ್ದಾಳೆ. ಮೀನು, ತರಕಾರಿಗಳನ್ನು ಸುಡುವ ಒಲೆ ಬೇರೆಯೇ ಇದೆ. ಅದರ ಹೆಸರು ‘ಶಿಚಿರಿನ್’. ಏಳು ರಿನ್ ಬೆಲೆಯ ಇದ್ದಿಲು ಹಾಕಿದರೆ ಅಡುಗೆ ಮುಗಿಯುತ್ತಿತ್ತು, ಅದಕ್ಕೇ ಆ ಹೆಸರು ಎಂಬ ವಿವರಣೆ ಪ್ರಚಲಿತದಲ್ಲಿದೆ. ಕಡಲಾಚೆ ಹೋದ ಶಿಚಿರಿನ್‌ಗೆ ಯಾರೋ ಹಿಬಾಚಿಯ ಹೆಸರನ್ನು ಅಂಟಿಸಿದರು. ಅದು ಅಂಟಿಯೇ ಉಳಿಯಿತು.

ಇಷ್ಟೊಂದು ಕೆಂಡವನ್ನು ಮರ ಮತ್ತು ಕಾಗದದ ಮನೆಗಳಲ್ಲಿ ಇಟ್ಟುಕೊಂಡು ಬಾಳುವುದು ಎಂಥ ಅಪಾಯ ಎಂಬುದು 1923ರ ಸೆಪ್ಟೆಂಬರ್ 1ರಂದು ಗೊತ್ತಾಯಿತು. ಆ ದಿನ ಟೋಕಿಯೊ ಮತ್ತು ಯೋಕೊಹಾಮಗಳನ್ನು ಭೂಕಂಪ ಅಲುಗಾಡಿಸಿದಾಗ ಗಂಟೆ 11-58. ಮಧ್ಯಾಹ್ನದ ಊಟಕ್ಕೆ ಮನೆಮನೆಯಲ್ಲೂ ಕಮಾಡೊ, ಶಿಚಿರಿನ್‌ಗಳು ಉರಿಯುತ್ತಿದ್ದ ಹೊತ್ತು. ಉರುಳಿದ ಒಲೆಗಳ ಮೇಲೆ ಸೂರು ಕುಸಿದು ನೂರಕ್ಕೂ ಹೆಚ್ಚು ಕಡೆ ಒಮ್ಮೆಲೇ ಬೆಂಕಿ ಎದ್ದಿತು. ನೋತೊ ಪರ್ಯಾಯದ್ವೀಪದ ಬಳಿ ಸುಳಿಯುತ್ತಿದ್ದ ಚಂಡಮಾರುತದ ಗಾಳಿ ಅದನ್ನು ಊದಿತು. ಸತ್ತವರು ಸುಮಾರು 1,05,000 ಮಂದಿ. ಅವರಲ್ಲಿ ಬಹುಪಾಲು ಜನ ಸತ್ತದ್ದು ನೆಲ ನಡುಗಿದ್ದರಿಂದಲ್ಲ, ಬೆಂಕಿಯಿಂದ. ಹೊಂಜೊ ಎಂಬಲ್ಲಿನ ಸೈನ್ಯದ ಬಟ್ಟೆ ಡಿಪೋದ ಖಾಲಿ ಬಯಲಿಗೆ ಓಡಿ ಬಂದು ಸೇರಿದ್ದ ಸುಮಾರು 38,000 ಜನ ಅಲ್ಲೇ ಸುಟ್ಟುಹೋದರು. ಒಲೆಯ ಚರಿತ್ರೆ ಬರೆಯುವವರು ಈ ಪುಟವನ್ನು ಸಾಮಾನ್ಯವಾಗಿ ಮಗುಚಿ ಮುಂದೆ ಹೋಗುತ್ತಾರೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರು ಮುಶಿಕಮಾಡೊವನ್ನು ಕಂಡರು. ಅವರಿಗೆ ಅನ್ನದ ಗೊಡವೆ ಇರಲಿಲ್ಲ. ಅನ್ನದ ಪಾತ್ರೆಯನ್ನು ತೆಗೆದು ಅಲ್ಲಿ ಕಬ್ಬಿಣದ ಜಾಳಿಗೆ ಇಟ್ಟು ಮಾಂಸ ಬೇಯಿಸಿ ನೋಡಿದರು. ಒಣಗಿ ಕರಕಲಾಗಬೇಕಿದ್ದ ಮಾಂಸ ರಸ ತುಂಬಿಕೊಂಡು ಹೊರಬಂತು. ಊರಿಗೆ ಮರಳುವಾಗ ಹಲವರು ಒಲೆಯನ್ನೂ ಹೊತ್ತೊಯ್ದರು. ಹಾಗೆ ಸೇನಾ ಸೇವೆಯಲ್ಲಿ ಜಪಾನನ್ನು ಕಂಡಿದ್ದ ಎಡ್ ಫಿಷರ್ ಎಂಬಾತ 1974ರಲ್ಲಿ ಅಟ್ಲಾಂಟಾ ನಗರದಲ್ಲಿ ಅಂಗಡಿ ತೆರೆದ. ಮುಖ್ಯವಾಗಿ ಆತ ಮಾರುತ್ತಿದ್ದದ್ದು ಜಪಾನಿನ ಪಚಿಂಕೊ ಎಂಬ ಗೋಲಿ ಆಟದ ಯಂತ್ರಗಳನ್ನು, ಒಲೆಗಳು ಮೂಲೆಯಲ್ಲಿದ್ದವು. ಗಿರಾಕಿಗಳನ್ನು ಸೆಳೆಯಲು ಅಂಗಡಿಯ ಮುಂದೆ ಒಲೆಯಲ್ಲಿ ಕೋಳಿಯ ರೆಕ್ಕೆ ಸುಡತೊಡಗಿದ. ಕೊನೆಗೆ ಯಂತ್ರಗಳು ಹೋದವು, ಒಲೆ ಉಳಿಯಿತು. ಹಸಿರು ಬಣ್ಣ ಬಳಿದು ‘ಬಿಗ್ ಗ್ರೀನ್ ಎಗ್’ ಎಂದು ಹೆಸರಿಟ್ಟ.

ಆದರೆ ಒಂದು ತೊಂದರೆ ಇತ್ತು. ಆ ಮೊದಲ ಒಲೆಗಳು ಹಳೆಯ ಪದ್ಧತಿಯ ಜೇಡಿಮಣ್ಣಿನವು. ಜಪಾನಿನಲ್ಲಿ ಅವು ಸೂರಿನ ಕೆಳಗೆ, ಅನ್ನ ಬೇಯುವಷ್ಟು ಹೊತ್ತು ಮಾತ್ರ ಕಾಯುತ್ತಿದ್ದವು. ಅಮೆರಿಕದಲ್ಲಿ ಮಳೆ, ಬಿಸಿಲು, ಹಿಮಗಳಲ್ಲಿ ಹೊರಗೇ ನಿಂತು, ಗಂಟೆಗಟ್ಟಲೆ ಉರಿದು, ಕೆಲವು ವರ್ಷಗಳಲ್ಲಿ ಬಿರುಕು ಬಿಟ್ಟವು. ಆದ್ದರಿಂದ ಮಣ್ಣನ್ನೇ ಬದಲಾಯಿಸಬೇಕಾಯಿತು. ಉಕ್ಕಿನ ಕುಲುಮೆ, ಕುಂಬಾರರ ಗೂಡುಗಳಿಗೆ ಬಳಸುವಂಥ, ಶಾಖಕ್ಕೆ ಅಷ್ಟಾಗಿ ಹಿಗ್ಗದ ಸಿರಾಮಿಕ್ ಮಿಶ್ರಣಗಳು ಬಂದವು. ಜಾಹೀರಾತುಗಳು ಇದನ್ನು ಬಾಹ್ಯಾಕಾಶ ಯುಗದ ಪದಾರ್ಥ ಎಂದು ಬಣ್ಣಿಸಿದವು. ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಕುಂಬಾರನ ಆವಿಗೆಯ ವಿದ್ಯೆಯೇ ಸಾಕಿತ್ತು.

ಈಗ ಚಳಿಯ ವಿಷಯ. ತಗಡಿನ ಒಲೆಯನ್ನು ಹಿಮದಲ್ಲಿ ಹಚ್ಚಿದರೆ ಒಳಗಿನ ಶಾಖವೆಲ್ಲ ತಗಡಿನ ಮೂಲಕ ಹೊರಗೆ ಸೋರುತ್ತದೆ, ಗಾಳಿ ಬೀಸಿದರಂತೂ ಕೇಳುವುದೇ ಬೇಡ. ಉಕ್ಕಿಗೆ ಹೋಲಿಸಿದರೆ ಸುಟ್ಟ ಮಣ್ಣು ಶಾಖವನ್ನು ಹತ್ತಾರು ಪಟ್ಟು ನಿಧಾನವಾಗಿ ಸಾಗಿಸುತ್ತದೆ. ಜೊತೆಗೆ ದಪ್ಪ ಗೋಡೆ ತಾನೇ ಕಾವು ಕುಡಿದು ಕೂತಿರುತ್ತದೆ. ಮುಚ್ಚಳ ಎತ್ತಿದಾಗ ಒಳಗಿನ ಬಿಸಿಗಾಳಿ ಹೊರಟುಹೋದರೂ ಗೋಡೆ ಮತ್ತೆ ಅದನ್ನು ತುಂಬಿಕೊಡುತ್ತದೆ. ಒಮ್ಮೆ ಕಾದರೆ ಒಳಗೆ 110 ಡಿಗ್ರಿ ಸೆಂಟಿಗ್ರೇಡಿನ ನಿಧಾನ ಉರಿಯನ್ನು ರಾತ್ರಿಯಿಡೀ ಹಿಡಿದಿಡಬಹುದು. ಕಾಯುವುದಕ್ಕೆ ಮಾತ್ರ ಬೇಸಿಗೆಗಿಂತ ಹೆಚ್ಚು ಹೊತ್ತು ಬೇಕು. ಇನ್ನೊಂದು ಸ್ವಾರಸ್ಯವೆಂದರೆ ಚಳಿ ಬೆಂಕಿಗೆ ಶತ್ರುವಲ್ಲ. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಗಾಳಿ ನಮ್ಮ 30 ಡಿಗ್ರಿಯ ಗಾಳಿಗಿಂತ ಸುಮಾರು ಐದರಲ್ಲಿ ಒಂದು ಪಾಲು ಹೆಚ್ಚು ಸಾಂದ್ರ. ಅಷ್ಟೇ ಕಿಂಡಿಯಲ್ಲಿ ಅಷ್ಟು ಹೆಚ್ಚು ಆಮ್ಲಜನಕ. ಒಳಗಿನ ಬಿಸಿಗೂ ಹೊರಗಿನ ತಂಪಿಗೂ ಅಂತರ ಹೆಚ್ಚಿದಷ್ಟೂ ಹೊಗೆ ಜೋರಾಗಿ ಮೇಲೆ ಎಳೆಯಲ್ಪಡುತ್ತದೆ, ಕೆಳಗಿನಿಂದ ಹೊಸ ಗಾಳಿ ನುಗ್ಗುತ್ತದೆ. ಬೇಸಿಗೆಯ ಅಳತೆಯಲ್ಲೇ ಕಿಂಡಿ ತೆರೆದಿಟ್ಟವರ ಕೆಂಡ ಕೆಲವೊಮ್ಮೆ ಚಳಿಗಾಲದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕೆರಳುವುದು ಇದರಿಂದಲೇ.

ಹಾಗಾದರೆ ಒಲೆ ಒಡೆಯುವುದು ಯಾತಕ್ಕೆ? ಚಳಿಗಲ್ಲ, ನೀರಿಗೆ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಮೆರುಗು ಹಚ್ಚಿದ ಹೊರಮೈ ನೀರನ್ನು ತಡೆದರೂ ಮೆರುಗಿಲ್ಲದ ಒಳಮೈ ಕುಡಿಯುತ್ತದೆ. ಕುಡಿದ ನೀರು ಹೆಪ್ಪುಗಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ, ಮಣ್ಣು ಹಿಗ್ಗಲಾರದು. ಮೊದಲ ಚಳಿಗಾಲದಲ್ಲಿ ಕೂದಲೆಳೆ ಬಿರುಕು, ಎರಡನೆಯದರಲ್ಲಿ ಬೆರಳು ಹಿಡಿಯುವ ಬಿರುಕು. ಅದಕ್ಕೇ ಬಲ್ಲವರು ಮಳೆಗೆ ಮುಚ್ಚುತ್ತಾರೆ, ಹಿಮದ ದಿನ ಮೊದಲು ಕೈಹಿಡಿಯಷ್ಟು ಇದ್ದಿಲಿನಿಂದ ಸಣ್ಣ ಕಾವು ಕೊಟ್ಟು ಒಲೆಯ ಮೈಯಲ್ಲಿನ ಪಸೆ ಆರಿದ ಮೇಲೆಯೇ ಉರಿ ಏರಿಸುತ್ತಾರೆ. ಒಳಮೈ ತಟ್ಟನೆ ಕಾದು ಹಿಗ್ಗಿ, ಹೊರಮೈ ಹಿಮದಲ್ಲೇ ಕುಗ್ಗಿ ನಿಂತರೆ ಎರಡರ ಜಗಳದಲ್ಲಿ ನಡುವಿನ ಮಣ್ಣು ಸೀಳುತ್ತದೆ. ಬಿಸಿ ಲಾಟೀನಿನ ಗಾಜಿಗೆ ತಣ್ಣೀರು ಚಿಮುಕಿಸಿ ಅಜ್ಜಿಯಿಂದ ಬೈಸಿಕೊಂಡವರಿಗೆ ಈ ವಿಜ್ಞಾನ ಗೊತ್ತೇ ಇದೆ. ಇನ್ನು ಮುಚ್ಚಳದ ಅಂಚಿಗೆ ಅಂಟಿಸಿದ ಉಣ್ಣೆಯಂಥ ಪಟ್ಟಿ ಒದ್ದೆಯಾಗಿದ್ದರೆ ರಾತ್ರಿಯಲ್ಲಿ ಹೆಪ್ಪುಗಟ್ಟಿ ಮುಚ್ಚಳ ಕಚ್ಚಿಕೊಳ್ಳುತ್ತದೆ. ಬಲವಂತವಾಗಿ ಎತ್ತಿದರೆ ಪಟ್ಟಿ ಹರಿದು ಬರುತ್ತದೆ. ಕೆಳಗಿನ ಬಾಗಿಲಿನಿಂದ ಸ್ವಲ್ಪ ಬಿಸಿ ಕೊಟ್ಟು ಕಾಯುವುದೊಂದೇ ದಾರಿ.

ಚಳಿ ಮತ್ತು ಕೆಂಡ ಒಟ್ಟಿಗೆ ಬಂದಾಗ ಇದಕ್ಕಿಂತ ದೊಡ್ಡ ಅಪಾಯ ಒಂದಿದೆ. ಹೊರಗೆ ಬೆರಳು ಮರಗಟ್ಟುತ್ತಿರುವಾಗ ಒಲೆಯನ್ನು ಗ್ಯಾರೇಜಿನೊಳಕ್ಕೆ, ಜಗಲಿಯೊಳಕ್ಕೆ ಎಳೆದುಕೊಳ್ಳುವ ಆಸೆ ಹುಟ್ಟುತ್ತದೆ. ಇದ್ದಿಲು ಉರಿಯುವಾಗ ಹೊಗೆ ಕಾಣದು, ವಾಸನೆ ಬಾರದು, ಆದರೆ ಕಾರ್ಬನ್ ಮಾನಾಕ್ಸೈಡ್ ಧಾರಾಳವಾಗಿ ಹೊರಬರುತ್ತದೆ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಒಲವಿನಿಂದ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ತೂಕಡಿಕೆ, ನಿದ್ದೆ, ಆಮೇಲೆ ಏಳುವುದಿಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಎಂದೂ ಇಲ್ಲದ ಚಳಿ ಬಿದ್ದು ಲಕ್ಷಾಂತರ ಮನೆಗಳ ವಿದ್ಯುತ್ ಹೋದಾಗ, ಜನ ಇದ್ದಿಲು ಒಲೆಗಳನ್ನು ಮನೆಯೊಳಗೆ ಹಚ್ಚಿಕೊಂಡರು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕುಳಿತರು. ಈ ಅನಿಲದಿಂದಲೇ ಹತ್ತಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಮಕ್ಕಳಿದ್ದರು.

ಜಪಾನಿನ ಹಳೆಯ ಮನೆಯಲ್ಲಿ ಹಿಬಾಚಿ ಇಟ್ಟುಕೊಂಡವರು ಬದುಕಿದ್ದಕ್ಕೆ ಮುಖ್ಯ ಕಾರಣ ಆ ಮನೆಗಳು ಚಳಿಯನ್ನು ತಡೆಯಲಾರದಷ್ಟು ಸಂದುಗೊಂದುಗಳ ಮನೆಗಳಾಗಿದ್ದದ್ದು. ಯಾವ ದೋಷದಿಂದ ಅವರು ನಡುಗಿದರೋ ಅದೇ ಅವರನ್ನು ಉಳಿಸಿತು. ನಮ್ಮ ಮಲೆನಾಡಿನ ಹೆಂಚಿನ ಮನೆಗಳಲ್ಲಿ ಬಾಣಂತಿಯ ಕೋಣೆಗೆ ಇಡುತ್ತಿದ್ದ ಅಗ್ಗಿಷ್ಟಿಕೆಗೂ ಇದೇ ಮಾತು. ಹೆಂಚಿನ ಸಂದಿನ ಜಾಗದಲ್ಲಿ ಕಾಂಕ್ರೀಟು ತಾರಸಿ ಬಂದ ಮೇಲೆ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಕೆಂಡ ಇಡುವ ಪದ್ಧತಿಯನ್ನು ಮುಂದುವರಿಸುವುದು ಬಾಣಂತಿಗೂ ಕೂಸಿಗೂ ಮಾಡುವ ಉಪಚಾರವಲ್ಲ. ಕಾಶ್ಮೀರದ ಕಾಂಗ್ಡಿಯದು ಮತ್ತೊಂದು ಬಗೆ. ಬೆತ್ತದ ಬುಟ್ಟಿಯೊಳಗಿನ ಆ ಮಣ್ಣಿನ ಬಟ್ಟಲಿನ ಕೆಂಡವನ್ನು ಅಲ್ಲಿಯವರು ಡಿಸೆಂಬರ್ 21ರಿಂದ ನಲವತ್ತು ದಿನದ ‘ಚಿಲ್ಲೈ ಕಲಾನ್’ ಚಳಿಯಲ್ಲಿ ಫೆರನ್ ಅಂಗಿಯೊಳಗೇ ಹಿಡಿದುಕೊಂಡು ತಿರುಗುತ್ತಾರೆ. ಹೊಟ್ಟೆ ಮತ್ತು ತೊಡೆಯ ಚರ್ಮಕ್ಕೆ ಅದರಿಂದ ಬರುವ ಕ್ಯಾನ್ಸರನ್ನು ಎಲ್ಮ್‌ಸ್ಲಿ ಎಂಬ ವೈದ್ಯ 1866ರಷ್ಟು ಹಿಂದೆಯೇ ಗುರುತಿಸಿ ಬರೆದ. ಕಾಂಗ್ಡಿ ಇನ್ನೂ ಇದೆ. ಕರೆಂಟು ಹೋದಾಗ ಅದರ ಹೊರತು ಗತಿಯಿಲ್ಲ.

ಮತ್ತೆ ಜಪಾನಿಗೆ. 1923ರಲ್ಲಿ ಯಾವ ನೋತೊದ ಬಳಿಯ ಚಂಡಮಾರುತ ಟೋಕಿಯೊದ ಬೆಂಕಿಯನ್ನು ಊದಿತೋ ಆ ನೋತೊ ಪರ್ಯಾಯದ್ವೀಪದ ತುದಿಯಲ್ಲಿ ಸುಜು ಎಂಬ ಊರಿದೆ. ಶಿಚಿರಿನ್‌ಗಳಲ್ಲಿ ಶ್ರೇಷ್ಠವಾದವು ಅಲ್ಲಿಯವು. ಅವನ್ನು ತಿಗರಿಯ ಮೇಲೆ ಮಾಡುವುದಿಲ್ಲ, ಗುಡ್ಡದೊಳಗಿನಿಂದ ಕೆತ್ತಿ ತೆಗೆಯುತ್ತಾರೆ. ಲಕ್ಷಾಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಸತ್ತು ಬಿದ್ದ ಡಯಾಟಂ ಎಂಬ ಸೂಕ್ಷ್ಮ ಪಾಚಿಗಳ ಗಾಜಿನಂಥ ಚಿಪ್ಪುಗಳು ರಾಶಿಗೂಡಿ ಆದ ಮೃದುವಾದ ಕಲ್ಲಿನಂಥ ಮಣ್ಣು ಅದು. ಇದೇ ಜಾತಿಯ ಮಣ್ಣಿಗೆ ನೈಟ್ರೋಗ್ಲಿಸರಿನ್ ಹೀರಿಸಿ ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟ್ ಮಾಡಿದ್ದು. ಸುಜುವಿನ ಕುಶಲಕರ್ಮಿಗಳು ಸುರಂಗದೊಳಗೆ ಉಳಿ ಹಿಡಿದು ಇಡೀ ಇಟ್ಟಿಗೆಯಾಗಿ ಅದನ್ನು ಕೊಯ್ದು ತಂದು, ಒಲೆಯ ಆಕಾರಕ್ಕೆ ಕೆತ್ತಿ, ಗೂಡಿನಲ್ಲಿ ಸುಡುತ್ತಾರೆ. ಚಿಪ್ಪುಗಳ ತುಂಬ ಗಾಳಿ ಇರುವುದರಿಂದ ಒಳಗೆ ಕೆಂಡ ಕೆಂಪಗೆ ಹೊಳೆಯುತ್ತಿದ್ದರೂ ಹೊರಮೈ ಅಷ್ಟಾಗಿ ಸುಡುವುದಿಲ್ಲ. ಆದರೆ ನೀರು ಮಾತ್ರ ತಾಗಬಾರದು. ಕೆಂಡ ಆರಿಸಲು ನೀರು ಸುರಿದವರ ಒಲೆ ಕರಗಿದಂತೆ ಪುಡಿಯಾಗುತ್ತದೆ.

2024ರ ಜನವರಿ 1ರಂದು, ಹೊಸ ವರ್ಷದ ಹಬ್ಬದ ಸಂಜೆ 4 ಗಂಟೆ 10 ನಿಮಿಷಕ್ಕೆ, ನೋತೊದಲ್ಲಿ 7.6 ಪ್ರಮಾಣದ ಭೂಕಂಪವಾಯಿತು. ಸುಜುವಿನಲ್ಲಿ ಮನೆಗಳು ಸಾಲುಸಾಲಾಗಿ ಮಗುಚಿದವು. ಪಕ್ಕದ ವಜಿಮಾ ಪಟ್ಟಣದ ಹಳೆಯ ಸಂತೆಬೀದಿ ಸುಟ್ಟುಹೋಯಿತು. ಒಲೆ ಸುಡುವ ಗೂಡುಗಳು ಕುಸಿದವು. ನೀರು, ವಿದ್ಯುತ್ ಎರಡೂ ಇಲ್ಲದೆ ಜನ ಶಾಲೆಗಳ ನೆಲದ ಮೇಲೆ ಕಂಬಳಿ ಹೊದ್ದು ಕಳೆದ ಆ ದಿನಗಳಲ್ಲಿ ಹಿಮವೂ ಬಿತ್ತು. ಚೇತರಿಸಿಕೊಳ್ಳುವ ಮುನ್ನ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮಳೆ, ಪ್ರವಾಹ ಬಂದು ಅಳಿದುಳಿದದ್ದರ ಮೇಲೆ ಕೆಸರು ಹರಿಯಿತು. ಸುರಂಗದೊಳಗೆ ಉಳಿ ಹಿಡಿಯಬಲ್ಲ ಕೈಗಳು ಭೂಕಂಪಕ್ಕೆ ಮೊದಲೇ ಬೆರಳೆಣಿಕೆಯಷ್ಟಾಗಿದ್ದವು. ಗೂಡನ್ನು ಇಟ್ಟಿಗೆ ತಂದು ಮತ್ತೆ ಕಟ್ಟಬಹುದು.

ಮಿನ್ನೆಸೋಟದ ಹಿತ್ತಲಿನಲ್ಲಿ ಈ ಹೊತ್ತಿಗೆ ಅಡುಗೆ ಮುಗಿದಿರುತ್ತದೆ. ಮನೆಯಾತ ಕೈಚೀಲ ತೊಟ್ಟು ಬಂದು ಮೇಲಿನ ಕಿಂಡಿ ಮುಚ್ಚುತ್ತಾನೆ, ಬಗ್ಗಿ ಕೆಳಗಿನ ಬಾಗಿಲನ್ನೂ ಎಳೆಯುತ್ತಾನೆ. ಉಸಿರು ಕಟ್ಟಿದ ಕೆಂಡ ಒಂದೆರಡು ಗಂಟೆಯಲ್ಲಿ ನಂದುತ್ತದೆ. ಈಗ ಯಾರಾದರೂ ಅವಸರದಿಂದ ಮುಚ್ಚಳ ಪೂರಾ ಎತ್ತಿದರೆ ಗಾಳಿ ಒಮ್ಮೆಲೇ ನುಗ್ಗಿ ಜ್ವಾಲೆ ಮುಖಕ್ಕೇ ಹಾರೀತು. ಹುಬ್ಬು ಕಳೆದುಕೊಂಡವರು ಅಲ್ಲಿ ಬಹಳ ಮಂದಿ. ಅರ್ಧ ಉರಿದ ಇದ್ದಿಲು ಒಳಗೇ ಉಳಿದು ಮುಂದಿನ ವಾರದ ಅಡುಗೆಗೆ ಬರುತ್ತದೆ. ಬೆಳಗಾಗುವಷ್ಟರಲ್ಲಿ ಗಡಿಗೆಯ ನೆತ್ತಿಯ ಮೇಲೆ ಮತ್ತೆ ನಾಲ್ಕು ಬೆರಳು ಹಿಮ ಕೂತಿರುತ್ತದೆ.